ಮೂರ್ಛೆಯಿಂದ ಎದ್ದ ಮೇಲೆ

‘ಅಪಸ್ಮಾರ’ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರಲ್ಲಿ ‘ಸ್ಮೃ’ ಎಂಬ ಧಾತು ಸಿಗುತ್ತದೆ. ಸ್ಮರಣೆ, ಸ್ಮೃತಿ, ಸ್ಮಾರಕ ಇವೆಲ್ಲ ಅದರಿಂದ ಹುಟ್ಟಿದ ಮಾತುಗಳು. ನೆನಪು ದೂರ ಸರಿಯುವುದೇ ಅಪಸ್ಮಾರ. ನಮ್ಮ ಪ್ರಾಚೀನ ವೈದ್ಯರು ಈ ಬೇನೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವುಂಟು. ರೋಗಿ ನೆಲಕ್ಕೆ ಬೀಳುವುದು, ಬಾಯಿಂದ ನೊರೆ ಹೊರಡುವುದು, ಕೈಕಾಲು ಅದುರುವುದು, ಆಮೇಲೆ ನಿದ್ದೆಯಿಂದ ಎಚ್ಚತ್ತವನಂತೆ ಏಳುವುದು, ಇದನ್ನೆಲ್ಲ ಕಣ್ಣಾರೆ ಕಂಡವರಂತೆ ಅಲ್ಲಿ ಬರೆದಿದ್ದಾರೆ. ನಟರಾಜನ ಮೂರ್ತಿಯಲ್ಲಿ ಸ್ವಾಮಿಯ ಪಾದದಡಿಯಲ್ಲಿ ಬಿದ್ದಿರುವ ಆ ಕುಳ್ಳ ಮನುಷ್ಯನಿಗೂ ಅಪಸ್ಮಾರನೆಂದೇ ಹೆಸರು. ಕನ್ನಡದಲ್ಲಿ ಮೂರ್ಛೆರೋಗವೆನ್ನುತ್ತೇವೆ. ಹಳಬರು ಮಲರೋಗವೆಂದೂ ಅನ್ನುವುದುಂಟು. ಈಗಂತೂ ಹಳ್ಳಿಯ ಮುದುಕಿಯ ಬಾಯಲ್ಲಿಯೂ ‘ಫಿಟ್ಸ್’ ಎಂಬ ಮಾತೇ ಬರುತ್ತದೆ. ಹೆಸರು ಎಷ್ಟು ಬದಲಾದರೇನು, ಅದನ್ನು ಹೇಳುವಾಗ ದನಿಯನ್ನು ತಗ್ಗಿಸುವ ರೂಢಿ ಮಾತ್ರ ಇನ್ನೂ ಬದಲಾಗಿಲ್ಲ.

ಈ ತಗ್ಗಿಸಿದ ದನಿಯ ವಿಷಯವಾಗಿಯೇ ಇಂದು ಎರಡು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಕಲಿಸುವ ಮಾಸ್ತರ. ಆದರೆ ನಮ್ಮ ರಾಜ್ಯದಲ್ಲಿಯೇ ಈ ರೋಗದ ಬಗ್ಗೆ ದೊಡ್ಡ ಕೆಲಸ ನಡೆದಿದೆ. ಅದರ ವಿವರ ಜಗತ್ತಿನ ವೈದ್ಯಪತ್ರಿಕೆಗಳಲ್ಲಿ ಅಚ್ಚಾಗಿದೆ. ನಮ್ಮ ಹಳ್ಳಿಗಳ ಕಟ್ಟೆಗೆ ಮಾತ್ರ ಬಂದು ಮುಟ್ಟಿಲ್ಲ.

ಮೊದಲು ರೋಗವೆಂದರೇನು, ನೋಡೋಣ. ನಮ್ಮ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಅವು ಅತಿ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದರೊಡನೊಂದು ಮಾತಾಡುತ್ತವೆ. ತರಗತಿಯಲ್ಲಿ ಹುಡುಗರು ಒಬ್ಬರಾದ ಮೇಲೊಬ್ಬರು ಎದ್ದು ಉತ್ತರ ಹೇಳಿದರೆ ಪಾಠ ನಡೆಯುತ್ತದೆ. ಎಲ್ಲರೂ ಕೂಡಿ ಒಮ್ಮೆಲೇ ಕೂಗಿದರೆ ಗದ್ದಲವಷ್ಟೆ. ಮಿದುಳಿನ ಕೋಶಗಳು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಒಟ್ಟಾಗಿ ಸಿಡಿದಾಗ ಮನುಷ್ಯನಿಗೆ ಮೂರ್ಛೆ ಬರುತ್ತದೆ. ಇದನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ವೈದ್ಯ ತರ್ಕದಿಂದ ಕಂಡುಕೊಂಡ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಎಂಬವನು ತಲೆಯ ಮೇಲಿನಿಂದಲೇ ಮಿದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸಿದ. ಇಂದು ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ತೆಗೆಯುತ್ತಾರಲ್ಲ, ಅದು ಇದೇ. ಹೆರಿಗೆಯಲ್ಲಿ ಮಗುವಿನ ಮಿದುಳಿಗೆ ಆದ ಪೆಟ್ಟು, ಮಿದುಳು ಜ್ವರ, ತಲೆಗೆ ಬಿದ್ದ ಏಟು, ಮುಪ್ಪಿನಲ್ಲಿ ಪಾರ್ಶ್ವವಾಯು, ಹೊಲಸು ನೀರು ಮತ್ತು ತೊಳೆಯದ ತರಕಾರಿಯ ಮೂಲಕ ಹೊಟ್ಟೆಗೆ ಹೋದ ಲಾಡಿಹುಳದ ತತ್ತಿ, ಹೀಗೆ ಕಾರಣಗಳು ಹಲವು. ಎಷ್ಟೋ ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಅಂಟುಜಾಡ್ಯವಂತೂ ಅಲ್ಲವೇ ಅಲ್ಲ.

ಸಾಮಾನ್ಯವಾಗಿ ಬಿದ್ದವನು ಎರಡು ಮೂರು ನಿಮಿಷಗಳಲ್ಲಿ ಸುಮ್ಮನಾಗುತ್ತಾನೆ. ಸ್ವಲ್ಪ ಹೊತ್ತು ಮಂಕು ಕವಿದಂತಿದ್ದು ಏಳುತ್ತಾನೆ. ವೈದ್ಯಶಾಸ್ತ್ರದ ಮಟ್ಟಿಗೆ ಆ ಹೊತ್ತಿನ ರೋಗ ಅಲ್ಲಿಗೆ ಮುಗಿಯಿತು. ಆದರೆ ಎದ್ದು ಕಣ್ಣು ತೆರೆದಾಗ ಅವನಿಗೆ ಕಾಣುವುದು ಸುತ್ತ ನೆರೆದ ಮಂದಿ. ಎರಡನೆಯ ರೋಗ ಅಲ್ಲಿಂದ ಶುರುವಾಗುತ್ತದೆ. ಶಾಲೆ ಬಿಡಿಸುತ್ತಾರೆ, ಕೆಲಸದಿಂದ ತೆಗೆಯುತ್ತಾರೆ, ಮಗಳಾದರೆ ಮನೆಯೊಳಗೆ ಕೂಡಿಸುತ್ತಾರೆ. ಪುನರ್ವಸತಿ ಎಂಬ ಮಾತು ಕೇಳಿದರೆ ಮಲಪ್ರಭೆಯ ದಂಡೆಯ ನಮ್ಮ ಜನಕ್ಕೆ ನೆನಪಾಗುವುದು ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳು, ಇಲ್ಲವೆ 2019ರ ನೆರೆಯಲ್ಲಿ ಮನೆ ಬಿದ್ದವರಿಗೆ ಕೊಟ್ಟ ಜಾಗ. ಮೂರ್ಛೆಯ ರೋಗಿ ಇದ್ದ ಮನೆಯಲ್ಲಿಯೇ ಇದ್ದು ತನ್ನ ಸ್ಥಳವನ್ನು ಕಳೆದುಕೊಳ್ಳುತ್ತಾನೆ. ವೈದ್ಯರು ಇವನ ವಿಷಯದಲ್ಲಿ ಪುನರ್ವಸತಿ ಎಂದಾಗ, ಆ ಸ್ಥಳವನ್ನು ಅವನಿಗೆ ತಿರುಗಿ ಕೊಡಿಸುವುದು ಎಂದು ಅರ್ಥ.

ಈ ಎರಡೂ ರೋಗಗಳ ಮೇಲೆ ಕೆಲಸ ಮಾಡಿದವರು ಬೆಂಗಳೂರಿನ ನರರೋಗತಜ್ಞರಾದ ಡಾ. ಕೆ. ಎಸ್. ಮಣಿಯವರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದು ಹುಟ್ಟಿತು. 1974ರಲ್ಲಿ ಅದೂ ಅಲ್ಲಿಯ ಸರಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು. ಮಣಿಯವರು ಅಲ್ಲಿ ನರವೈದ್ಯರಾಗಿದ್ದ ಕಾಲಕ್ಕೆ ಅವರ ಕಣ್ಣಿಗೆ ಒಂದು ವಿಚಿತ್ರ ಸಂಗತಿ ಬಿದ್ದಿತು. ಹಳೆಯ ಮೈಸೂರಿನ ಕಡೆಯಿಂದ ಬರುವ ಕೆಲವು ರೋಗಿಗಳಿಗೆ ಮೂರ್ಛೆ ಬರುತ್ತಿದ್ದುದು ಬಚ್ಚಲಲ್ಲಿ ಮಾತ್ರ. ಅದೂ ತಲೆಗೆ ಎರಕೊಳ್ಳುವ ದಿನ, ಹಂಡೆಯ ಸುಡುನೀರನ್ನು ತಂಬಿಗೆಯಿಂದ ಮೇಲಿಂದ ಮೇಲೆ ನೆತ್ತಿಗೆ ಸುರಿದುಕೊಳ್ಳುವಾಗ. ಮೈಗೆ ಅದೇ ನೀರು ಬಿದ್ದರೆ ಬಾಧೆಯಿಲ್ಲ.

ಇಂಥ ಒಬ್ಬ ರೋಗಿಯನ್ನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯನೊಬ್ಬ ವರ್ಣಿಸಿದ್ದ. ಹೊರಗಿನ ವೈದ್ಯರಿಗೆ ಅದೊಂದು ಅಪರೂಪದ ಸೋಜಿಗ. ನಮ್ಮಲ್ಲಿ ಹಾಗಲ್ಲ. ಮಣಿಯವರೂ ಅವರ ಜತೆಗಾರರೂ 1968ರಲ್ಲಿ ‘ಬಿಸಿನೀರಿನ ಮೂರ್ಛೆ’ಯ ಬಗ್ಗೆ ಮೊದಲ ವರದಿ ಬರೆದರು. 1974ರ ಹೊತ್ತಿಗೆ 108 ಜನ ರೋಗಿಗಳ ವಿವರವನ್ನು ಮುಂದಿಟ್ಟರು. ಮುಂದೆ ನಿಮ್ಹಾನ್ಸಿನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಜನರ ಅಧ್ಯಯನವನ್ನು ಪ್ರಕಟಿಸಿದರು. ಇಲಿಗಳ ತಲೆಗೆ ಬಿಸಿನೀರು ಹೊಯ್ದು, ಮಿದುಳು ಹೀಗೆ ಕೆರಳುವ ಬಗೆಯನ್ನೂ ಪರೀಕ್ಷಿಸಿ ನೋಡಿದರು. ಗಂಡುಮಕ್ಕಳಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಅಣ್ಣತಮ್ಮಂದಿರಿಗೆ, ತಂದೆಮಕ್ಕಳಿಗೆ ಹರಿದುಬಂದದ್ದೂ ಉಂಟು. ಆಶ್ಚರ್ಯದ ಮಾತೆಂದರೆ, ಕೆಲವರಿಗೆ ಮೂರ್ಛೆ ಹತ್ತಿರ ಬರುತ್ತಿರುವಾಗ ನೀರು ಸುರಿದುಕೊಳ್ಳುವುದನ್ನು ನಿಲ್ಲಿಸುವುದೇ ಆಗದು. ಏನೋ ಒಂದು ಹಿತವೆನಿಸಿ ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಮನೆಯವರು ಇದನ್ನು ಕಂಡು ದೆವ್ವದ ಚೇಷ್ಟೆಯೆಂದು ಭಾವಿಸಿದರೆ ಅವರನ್ನು ಏಕೆ ಬಯ್ಯಬೇಕು?

ಪರಿಹಾರ ಎಷ್ಟು ಸರಳ ನೋಡಿರಿ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು, ತಲೆಗೆ ಗಡಿಬಿಡಿಯಿಂದ ಸುರಿಯಬಾರದು. ಬಹಳ ಜನರಿಗೆ ಇಷ್ಟೇ ಸಾಕು. ಸಾಲದವರಿಗೆ ಎರಕೊಳ್ಳುವ ದಿನ ಜಳಕಕ್ಕೆ ಒಂದೂವರೆ ಎರಡು ತಾಸು ಮೊದಲು ಕ್ಲೋಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಕೊಡುತ್ತಾರೆ. ಕೆಲವರಿಗೆ ಮುಂದೆ ನೀರಿನ ಸಂಬಂಧವಿಲ್ಲದೆಯೂ ಮೂರ್ಛೆ ಬರತೊಡಗುವುದುಂಟು. ಅಂಥವರು ದಿನಾಲು ಮದ್ದು ತೆಗೆದುಕೊಳ್ಳಬೇಕಾಗುತ್ತದೆ. ನಮ್ಮ ಕಡೆಯಲ್ಲಿಯೂ ದೀಪಾವಳಿಯ ನರಕಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಕುದಿಯುವಂಥ ನೀರು ಎರೆಯುವ ಉತ್ಸಾಹಿ ಅಜ್ಜಿಯರಿದ್ದಾರೆ. ಅವರು ಇದನ್ನು ಕೇಳುತ್ತಿದ್ದರೆ ಒಂದು ತಂಬಿಗೆ ತಣ್ಣೀರು ಬೆರೆಸಲಿ ಎಂದು ವಿನಂತಿ.

ಬಿಸಿನೀರಿನಿಂದ ಮಣಿಯವರ ಹೆಸರು ಶಾಸ್ತ್ರಗ್ರಂಥಗಳಿಗೆ ಸೇರಿತು. ಆದರೆ ನನ್ನ ಮನಸ್ಸಿಗೆ ಹೆಚ್ಚು ದೊಡ್ಡದೆನಿಸುವುದು ಅವರು ಯಳಂದೂರಿನಲ್ಲಿ ಮಾಡಿದ ಕೆಲಸ. ಕನ್ನಡ ಓದಿದವರಿಗೆ ಯಳಂದೂರು ಹೊಸದಲ್ಲ. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ಕಾವ್ಯ ಬರೆದ ಹೊನ್ನಮ್ಮನ ತವರು ಅದು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಆ ತಾಲೂಕು ಆಗ ಮೈಸೂರು ಜಿಲ್ಲೆಗೆ ಸೇರಿತ್ತು; 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. 1990ರ ದಶಕದಲ್ಲಿ ಮಣಿಯವರೂ ಅವರ ತಂಡದವರೂ ಅಲ್ಲಿ ಮನೆಮನೆಗೆ ಹೋಗಿ ಸುಮಾರು 65 ಸಾವಿರ ಜನರ ನಡುವೆ ಮೂರ್ಛೆಯ ರೋಗಿಗಳನ್ನು ಹುಡುಕಿಸಿದರು.

ಆಸ್ಪತ್ರೆಗೆ ಬಂದವರನ್ನು ಎಣಿಸುವುದು ಬೇರೆ, ಮನೆಯಲ್ಲಿ ಅಡಗಿ ಕುಳಿತವರನ್ನು ಎಣಿಸುವುದು ಬೇರೆ. ಹೊಸ್ತಿಲ ಮುಂದೆ ನಿಂತು ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂರ್ಛೆ ಬರುತ್ತದೆಯೇ’ ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ಮದುವೆಗೆ ಬಂದ ಮಗಳಿರುವ ಮನೆಯಲ್ಲಂತೂ ಆ ಮಾತೇ ಬೇಡ. ಆದರೂ ಕೇಳಿದರು, ಎಣಿಸಿದರು. ಸಾವಿರಕ್ಕೆ ಸುಮಾರು ನಾಲ್ಕು ಜನ ಸಿಕ್ಕರು. ಬೆಂಗಳೂರಿನ ಸುತ್ತ ಡಾ. ಎಂ. ಗೌರೀದೇವಿಯವರ ನೇತೃತ್ವದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನರ ನಡುವೆ ನಡೆದ ಇನ್ನೊಂದು ಸಮೀಕ್ಷೆಯ ಫಲ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ ಈ ರೋಗ ಎರಡು ಪಟ್ಟು ಕಂಡಿತು: ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಈ ಲೆಕ್ಕಗಳನ್ನು ಹಿಡಿದರೆ ಐದು ಸಾವಿರ ವಸ್ತಿಯ ಒಂದು ಊರಿನಲ್ಲಿ ಇಪ್ಪತ್ತರಿಂದ ಅರವತ್ತು ಜನ ಇರಬೇಕು. ತಮ್ಮ ಊರಿನಲ್ಲಿ ಎಷ್ಟು ಜನರನ್ನು ತಾವು ಬಲ್ಲಿರಿ? ಇಬ್ಬರೋ ಮೂವರೋ. ಉಳಿದವರು ಎಲ್ಲಿದ್ದಾರೆಂಬುದನ್ನು ತಾವೇ ಊಹಿಸಿರಿ.

ಯಳಂದೂರಿನವರು ಎಣಿಸಿ ಪುಸ್ತಕ ಮಡಚಿ ಹೋಗಲಿಲ್ಲ. ಮೈ ಅದುರಿ ಬೀಳುವ ತೀವ್ರತರದ ಮೂರ್ಛೆಯುಳ್ಳ 135 ಜನರಿಗೆ ಚಿಕಿತ್ಸೆ ಆರಂಭಿಸಿ ಐದು ವರ್ಷಗಳ ವರೆಗೆ ಬೆನ್ನುಹತ್ತಿ ನೋಡಿಕೊಂಡರು. ಕೊಟ್ಟ ಮದ್ದು ಯಾವುದು? ಎರಡೇ ಹಳೆಯ ಗುಳಿಗೆಗಳು. ಒಂದು, 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಎಂಬ ವೈದ್ಯ ಮೂರ್ಛೆಗೆ ನಾಟುವುದೆಂದು ಕಂಡುಹಿಡಿದ ಫಿನೋಬಾರ್ಬಿಟೋನ್. ಇನ್ನೊಂದು, 1938ರಲ್ಲಿ ಅಮೇರಿಕೆಯಲ್ಲಿ ಬಳಕೆಗೆ ಬಂದ ಫಿನಿಟಾಯಿನ್. ಎರಡೂ ಅಗ್ಗ. ದೋಷಗಳಿಲ್ಲವೆಂದಲ್ಲ. ಮೊದಲನೆಯದು ಕೆಲವರಿಗೆ ತೂಕಡಿಕೆ ತರುತ್ತದೆ, ಎರಡನೆಯದರಿಂದ ಕೆಲವರ ವಸಡು ಬಾಯುತ್ತದೆ. ಇವಕ್ಕಿಂತ ನಾಜೂಕಾದ ಹೊಸ ಮದ್ದುಗಳು ಎಷ್ಟೋ ಬಂದಿವೆ. ಆದರೆ ಹಳ್ಳಿಯ ಬಡವನಿಗೆ ವರ್ಷಾನುಗಟ್ಟಲೆ ಕೊಳ್ಳಲು ಶಕ್ಯವಾಗುವ ಮದ್ದಿನಿಂದ ಎಷ್ಟು ಕೆಲಸವಾಗುತ್ತದೆ ಎಂಬುದೇ ಅವರ ಪ್ರಶ್ನೆ. ಅದರ ಉತ್ತರ 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಈ ಅಗ್ಗದ ಗುಳಿಗೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು. ಚಿಕಿತ್ಸೆಗೆ ಮೊದಲು ಕಡಿಮೆ ಸಲ ಬಿದ್ದವರಿಗೆ ಗುಣ ಹೆಚ್ಚು. ಅಂದರೆ ಗುಟ್ಟಾಗಿ ಇಟ್ಟುಕೊಂಡು ಕಳೆದ ಒಂದೊಂದು ವರ್ಷವೂ ರೋಗಿಗೆ ಹಾನಿಯೇ.

ಇದನ್ನು ಓದುವಾಗ ನನಗೆ ನಮ್ಮ ಶಾಲೆಗಳ ನೆನಪಾಗುತ್ತದೆ. ಮೂವತ್ತು ವರ್ಷಗಳ ಮಾಸ್ತರಿಕೆಯಲ್ಲಿ ಇಂಥ ಐದಾರು ಮಕ್ಕಳನ್ನು ಕಂಡಿದ್ದೇನೆ. ಎಂಟನೆಯ ಇಯತ್ತೆಯ ಒಬ್ಬ ಹುಡುಗ ಮುಂಜಾನೆಯ ಪ್ರಾರ್ಥನೆಯ ಸಾಲಿನಲ್ಲಿ ಬಿದ್ದ. ಒಬ್ಬರು ಕೀಲಿಕೈ ತಂದರು, ಇನ್ನೊಬ್ಬರು ಉಳ್ಳಾಗಡ್ಡಿ ತಂದರು, ಮತ್ತೊಬ್ಬರು ಕಾಲಲ್ಲಿಯ ಚಪ್ಪಲಿಯನ್ನೇ ಕಳಚಿ ಮೂಗಿಗೆ ಹಿಡಿಯಹೋದರು. ಇದಾವುದೂ ಮೂರ್ಛೆಯನ್ನು ಇಳಿಸಲಾರದು. ಅದು ತನ್ನ ಹೊತ್ತಿಗೆ ತಾನೇ ಇಳಿಯುತ್ತದೆ. ಹೆಸರು ಮಾತ್ರ ಚಪ್ಪಲಿಗೆ. ಮರುದಿನ ಆ ಹುಡುಗನ ತಂದೆ ಬಂದು, “ಇವನ ಸಾಲಿ ಸಾಕ್ರಿ ಸರ, ಹೊಲಕ್ಕ ಬರ್ತಾನ ಬಿಡ್ರಿ” ಎಂದ. ಹೊಲದಲ್ಲಿ ಬಾವಿಯಿದೆ, ರಾಶಿಯ ಯಂತ್ರವಿದೆ. ಮೂರ್ಛೆಯ ಹುಡುಗನಿಗೆ ತರಗತಿಯ ನೆಲಕ್ಕಿಂತ ಅದು ಕ್ಷೇಮವೇ ಎಂದು ಕೇಳಿದೆ. ಅವನ ಹಿಂದೆಯೇ ಬಂದಿದ್ದ ಅಜ್ಜಿ ನಡುವೆ ಬಾಯಿ ಹಾಕಿ, “ಅದಲ್ರೀ ಮಾಸ್ತರ, ನಾಕ ಮಂದಿ ಕಣ್ಣಿಗೆ ಬಿದ್ರ ನಾಳೆ ಇವನ ತಂಗೀನ್ನ ಯಾರ ಮಾಡ್ಕೋತಾರ?” ಎಂದಳು. ನಿಜವಾದ ಕಾರಣ ಅಜ್ಜಿಯ ಬಾಯಿಂದ ಹೊರಬಿತ್ತು.

ಆ ಹುಡುಗನನ್ನು ವೈದ್ಯರಿಗೆ ತೋರಿಸಿದರು, ಗುಳಿಗೆ ಹತ್ತಿದವು, ಶಾಲೆ ತಪ್ಪಲಿಲ್ಲ. ನಡುವೆ ಒಮ್ಮೆ ಜಾತ್ರೆಗೆ ಹೋದಾಗ ಹರಕೆ ಮುಟ್ಟಿತೆಂದು ನಾಲ್ಕು ದಿನ ಗುಳಿಗೆ ಬಿಟ್ಟರು. ಐದನೆಯ ದಿನ ಮತ್ತೆ ಬಿದ್ದ. ಮೂರ್ಛೆಯ ಮದ್ದನ್ನು ಥಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಎರಗಬಹುದು. ಜೀವಕ್ಕೂ ಅಪಾಯವುಂಟು. ಹರಕೆಯನ್ನು ತೀರಿಸಬೇಕೆನ್ನುವವರು ತೀರಿಸಲಿ, ಗುಳಿಗೆಯನ್ನು ಅದರ ಲೆಕ್ಕದಲ್ಲಿ ಸೇರಿಸದಿರಲಿ. ವರ್ಷಗಟ್ಟಲೆ ಮೂರ್ಛೆ ಬಾರದಿದ್ದರೆ ಮದ್ದನ್ನು ಮೆಲ್ಲಗೆ ಇಳಿಸುವುದು ವೈದ್ಯರ ಕೆಲಸ. ಬಸುರಾಗುವ ಹೆಣ್ಣುಮಕ್ಕಳಂತೂ ಮೊದಲೇ ವೈದ್ಯರನ್ನು ಕಾಣಬೇಕು. ಕೆಲವು ಗುಳಿಗೆಗಳು ಹೊಟ್ಟೆಯಲ್ಲಿಯ ಕೂಸಿಗೆ ಆಗಿಬರುವುದಿಲ್ಲ, ಬದಲಿಸಿ ಕೊಡುತ್ತಾರೆ. ತಾವಾಗಿ ಬಿಡುವುದು ಮಾತ್ರ ಸಲ್ಲ. ಆ ಹುಡುಗ ಎಸ್.ಎಸ್.ಎಲ್.ಸಿ. ದಾಟಿ ಈಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ತಂಗಿಯ ಮದುವೆಯೂ ಆಗಿದೆ.

ಅಜ್ಜಿಯ ಅಂಜಿಕೆಗೆ ಬುಡವಿಲ್ಲದಿರಲಿಲ್ಲ. ನಮ್ಮ ಕಾಯಿದೆಯೇ ಬಹುಕಾಲ ಅವಳ ಪಕ್ಷದಲ್ಲಿತ್ತು. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಮೇಲಿಂದ ಮೇಲೆ ಹುಚ್ಚು ಅಥವಾ ಅಪಸ್ಮಾರಕ್ಕೆ ಗುರಿಯಾಗುವವರು ಮದುವೆಗೆ ಅರ್ಹರಲ್ಲವೆಂಬ ಮಾತು ಸೇರಿತು. ಹುಚ್ಚು ಮತ್ತು ಮೂರ್ಛೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಒಂದು ವಾಕ್ಯದಿಂದ ಎಷ್ಟು ಹೆಣ್ಣುಮಕ್ಕಳು ತವರಿಗೆ ಹಿಂದಿರುಗಿದರೋ! ಗಂಡಿನ ಮೂರ್ಛೆಯನ್ನು ಮನೆತನದ ಗುಟ್ಟೆಂದು ಮುಚ್ಚುತ್ತಾರೆ, ಹೆಣ್ಣಿನದಾದರೆ ಅದೇ ಮೋಸವಾಗುತ್ತದೆ. ಇದು ನ್ಯಾಯವಲ್ಲವೆಂದು ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಶನ್ ಎಂಬ ಸಂಸ್ಥೆ ವಾದಿಸುತ್ತ ಬಂದಿತು. 1970ರ ಸುಮಾರಿಗೆ ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಂಬಯಿಯ ಡಾ. ಎಡ್ಡಿ ಭರೂಚಾ ಅವರ ಜೊತೆಗೆ ನಮ್ಮ ಮಣಿಯವರೂ ಇದ್ದರು. ಕೊನೆಗೆ 1999ರ ವಿವಾಹ ಕಾನೂನುಗಳ ತಿದ್ದುಪಡಿ ಕಾಯಿದೆ ಬಂದು ‘ಅಪಸ್ಮಾರ’ ಎಂಬ ಪದವನ್ನು ಅಲ್ಲಿಂದ ತೆಗೆದುಹಾಕಿತು. ಈಗ ಮೂರ್ಛೆರೋಗವೊಂದೇ ಕಾರಣವಾಗಿ ಯಾರೂ ಮದುವೆಗೆ ಅನರ್ಹರಲ್ಲ. ಶಬ್ದಗಳ ವ್ಯಾಪಾರ ಮಾಡುವ ನನ್ನಂಥವನಿಗೆ, ಒಂದು ಶಬ್ದವನ್ನು ಹೊಡೆದುಹಾಕಿದ್ದರಿಂದ ಇಷ್ಟು ಒಳಿತಾದ ಇನ್ನೊಂದು ಪ್ರಸಂಗ ನೆನಪಿಗೆ ಬಾರದು. ಆದರೂ ಸಂಬಂಧ ಕುದುರಿಸುವಾಗ ಮುಚ್ಚಿಡಬಾರದು. ಹೇಳಿ ಮಾಡಿದ ಮದುವೆಯಲ್ಲಿ ಸೊಸೆ ಎಲ್ಲರೆದುರು ಗುಳಿಗೆ ನುಂಗಬಲ್ಲಳು. ಮುಚ್ಚಿ ಮಾಡಿದ ಮದುವೆಯಲ್ಲಿ ಅತ್ತೆಗೆ ಕಾಣದಂತೆ ನುಂಗಲು ಹೋಗಿ ತಪ್ಪಿಸುತ್ತಾಳೆ, ಬೀಳುತ್ತಾಳೆ. ವಾಹನ ನಡೆಸುವ ಪರವಾನಿಗೆಯ ವಿಷಯದಲ್ಲಿ ಕಾಯಿದೆ ಇನ್ನೂ ಬಿಗಿಯಾಗಿದೆ. ಅದು ದಾರಿಹೋಕರ ಜೀವದ ಪ್ರಶ್ನೆಯಾದ್ದರಿಂದ ನಾನು ಅದಕ್ಕೆ ತಕರಾರು ಹೇಳಲಾರೆ.

ಯಳಂದೂರು ದೂರವಾಯಿತು, ನಮ್ಮ ಉತ್ತರದ ಜಿಲ್ಲೆಗಳಿಗೆ ಇದರಿಂದೇನು ಎನ್ನುವವರಿಗೆ ಬಳ್ಳಾರಿಯ ಮಾತು ಹೇಳಬೇಕು. 1985ರಿಂದ 1990ರ ವರೆಗೆ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಗಳ ಜೊತೆಗೆ ಮೂರ್ಛೆಗೂ ಊರಲ್ಲಿಯೇ ಮದ್ದು ಸಿಗುವಂತೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದುದರಿಂದ ಮೊದಲ ಸಲ ಮೂರ್ಛೆ ಬಂದಾಗ ಬೆಂಗಳೂರಿನ ದಾರಿ ಹಿಡಿಯಬೇಕಾಗಿಲ್ಲ. ಹತ್ತಿರದ ಸರಕಾರಿ ದವಾಖಾನೆಯಿಂದ ಆರಂಭಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಅವರೇ ಮುಂದೆ ಕಳಿಸುತ್ತಾರೆ.

ಇನ್ನು, ಕಣ್ಣೆದುರಿಗೆ ಒಬ್ಬರು ಬಿದ್ದರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಬಾಯಲ್ಲಿ ಚಮಚ, ಕಟ್ಟಿಗೆ, ಬೆರಳು ಏನನ್ನೂ ತುರುಕಬಾರದು. ಅದುರುವ ಕೈಕಾಲನ್ನು ಅದುಮಿ ಹಿಡಿಯಬಾರದು, ಪೂರ್ತಿ ಎಚ್ಚರವಾಗುವ ತನಕ ನೀರು ಕುಡಿಸಬಾರದು. ಬೆಂಕಿ, ಕಲ್ಲು, ಬಾವಿಯ ದಂಡೆ ಹತ್ತಿರವಿದ್ದರೆ ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯ ಅರಿವೆ ಇಟ್ಟು, ಕೊರಳಿನ ಗುಂಡಿ ಬಿಚ್ಚಿ, ಅದುರು ತಗ್ಗಿದೊಡನೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಜೊಲ್ಲು ಹೊರಗೆ ಹರಿದುಹೋಗುತ್ತದೆ, ಉಸಿರಿಗೆ ಅಡ್ಡಿಯಾಗದು. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ನಡುವೆ ಎಚ್ಚರವಾಗದೆ ಮತ್ತೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೆರೆದ ಮಂದಿಯನ್ನು ಚದುರಿಸಿ ಬಿಡಿರಿ. ಶಾಲೆಯಲ್ಲಾದರೆ ಆ ಮಗು ಎದ್ದ ಮೇಲೆ ಮುಖ ತೊಳೆಸಿ, ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ, ಸ್ವಲ್ಪ ಮಲಗಿಸಿ, ತಿರುಗಿ ಅದೇ ತರಗತಿಯಲ್ಲಿ ಅದೇ ಮಣೆಯ ಮೇಲೆ ಕೂಡಿಸುವುದು ಮಾಸ್ತರನ ಕೆಲಸ.

ಮತ್ತೊಂದು ಸಣ್ಣ ಕೆಲಸವೂ ನೋಡಿದವರ ಮೇಲಿದೆ. ಬಿದ್ದವನಿಗೆ ಏನಾಯಿತೆಂಬುದು ನೆನಪಿರುವುದಿಲ್ಲ. ರೋಗದ ಹೆಸರೇ ಅದು. ವೈದ್ಯರ ಮುಂದೆ ಹೋದಾಗ ಅವನು ಹೇಳುವುದೇನೂ ಇಲ್ಲ. ಮೊದಲು ಯಾವ ಕೈ ಅದುರಿತು, ಕಣ್ಣು ಯಾವ ಕಡೆಗೆ ಹೊರಳಿತು, ಎಷ್ಟು ನಿಮಿಷ ನಡೆಯಿತು, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದನೇ, ಅಂದು ತಲೆಗೆ ಎರಕೊಂಡಿದ್ದನೇ, ಇವನ್ನೆಲ್ಲ ಕಂಡವರು ಒಂದು ಚೀಟಿಯ ಮೇಲೆ ತಾರೀಖು ಹಾಕಿ ಬರೆದುಕೊಡಬೇಕು. ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಇದೆ. ಮನೆಯವರ ಒಪ್ಪಿಗೆ ಪಡೆದು ತೆಗೆದ ಅರ್ಧ ನಿಮಿಷದ ಚಿತ್ರವೂ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅದನ್ನು ವೈದ್ಯರಿಗಲ್ಲದೆ ಇನ್ನೊಬ್ಬರಿಗೆ ತೋರಿಸತಕ್ಕದ್ದಲ್ಲ.